ಹೊಸ ಡಿಸ್ಕ್ ಹಾಕಿದರೂ ಬ್ರೇಕ್ ಪೆಡಲ್ ಯಾಕೆ ಕುಟ್ಟುತ್ತದೆ?

ಪ್ರಶ್ನೆ: ನಮ್ಮ ಮನೆ ಮಲ್ಪೆಯಲ್ಲಿ. 2019ರ ಕೊನೆಯಲ್ಲಿ ತೆಗೆದುಕೊಂಡ ಸಣ್ಣ ಹ್ಯಾಚ್‌ಬ್ಯಾಕ್ ಕಾರು, 58 ಸಾವಿರ ಕಿ.ಮೀ. ಓಡಿದೆ. ಮುಂದೆ ಡಿಸ್ಕ್, ಹಿಂದೆ ಡ್ರಮ್. ಬ್ರೇಕ್ ಒತ್ತಿದಾಗ ಪೆಡಲ್ ಕಾಲಿಗೆ ಕುಟ್ಟುತ್ತಿತ್ತು ಅಂತ ಕಳೆದ ದೀಪಾವಳಿ ಹೊತ್ತಿಗೆ ಮುಂದಿನ ಎರಡೂ ಡಿಸ್ಕ್, ಪ್ಯಾಡ್ ಹೊಸದು ಹಾಕಿಸಿದೆ. ಆರು ಸಾವಿರ ಕಿ.ಮೀ. ಏನೂ ತೊಂದರೆ ಇರಲಿಲ್ಲ. ಈಗ ಮತ್ತೆ ಅದೇ ಕಥೆ. 60-70ರ ವೇಗದಲ್ಲಿ ಮೆಲ್ಲಗೆ ಬ್ರೇಕ್ ಒತ್ತಿದರೆ ಪೆಡಲ್ ಕುಟ್ಟುತ್ತದೆ, ಸ್ಟಿಯರಿಂಗ್ ಕೂಡ ಸ್ವಲ್ಪ ನಡುಗುತ್ತದೆ. ಗ್ಯಾರೇಜಿನವರು ಡಿಸ್ಕ್ ಮತ್ತೆ ಬೆಂಡ್ ಆಗಿದೆ, ಬದಲಿಸಬೇಕು ಅನ್ನುತ್ತಾರೆ. ಇನ್ನೊಬ್ಬರು ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಹಿಡಿದು ನಿಂತು ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ) ಯುನಿಟ್ ಹೋಗಿರಬೇಕು ಅಂದರು. ಯಾರನ್ನು ನಂಬುವುದು? ಮುಂದಿನ ವಾರ ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿಗೆ ಹೋಗುವುದೂ ಉಂಟು.

ಉತ್ತರ: ಸದ್ಯಕ್ಕೆ ಇಬ್ಬರ ಮಾತಿಗೂ ದುಡ್ಡು ಬಿಚ್ಚಬೇಡಿ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡಿದ್ದು ಒಂದೇ ಸಾಲು: ಹೊಸ ಡಿಸ್ಕ್ ಹಾಕಿ ಆರು ಸಾವಿರ ಕಿ.ಮೀ. ಚೆನ್ನಾಗಿತ್ತು, ಆಮೇಲೆ ಶುರುವಾಯಿತು. ಹಾಕಿದ ದಿನವೇ ಕುಟ್ಟಿದ್ದರೆ ಡಿಸ್ಕ್ ಸರಿ ಇರಲಿಲ್ಲ ಅನ್ನಬಹುದಿತ್ತು. ಇಷ್ಟು ಓಡಿದ ಮೇಲೆ ನಿಧಾನಕ್ಕೆ ಬಂದಿದ್ದರೆ, ಡಿಸ್ಕನ್ನು ಹಾಳು ಮಾಡುತ್ತಿರುವುದು ಬೇರೇನೋ ಅಲ್ಲೇ ಕೂತಿದೆ ಎಂದು ಅರ್ಥ. ಅದನ್ನು ಹಾಗೇ ಬಿಟ್ಟು ಮೂರನೇ ಜೊತೆ ಡಿಸ್ಕ್ ಹಾಕಿದರೆ, ಇನ್ನೊಂದು ಆರು ಸಾವಿರ ಕಿ.ಮೀ. ಕಳೆದ ಮೇಲೆ ನೀವು ನನಗೆ ಇದೇ ಪತ್ರ ಬರೆಯುತ್ತೀರಿ.

ಮೊದಲು ಪೆಡಲ್ ಯಾಕೆ ಕುಟ್ಟುತ್ತದೆ ನೋಡೋಣ. ಎರಡು ಪ್ಯಾಡುಗಳ ನಡುವೆ ಡಿಸ್ಕ್ ಚಕ್ರದ ಜೊತೆ ತಿರುಗುತ್ತಿರುತ್ತದೆ, ಬ್ರೇಕ್ ಒತ್ತಿದಾಗ ಪ್ಯಾಡುಗಳು ಅದನ್ನು ಎರಡೂ ಬದಿಯಿಂದ ಹಿಂಡಿ ಹಿಡಿಯುತ್ತವೆ. ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮ ಇದ್ದರೆ ನಿಮ್ಮ ಕಾಲಿಗೆ ಏನೂ ತಿಳಿಯುವುದಿಲ್ಲ. ಒಂದು ಕಡೆ ಸ್ವಲ್ಪ ದಪ್ಪ, ಇನ್ನೊಂದು ಕಡೆ ಸ್ವಲ್ಪ ತೆಳು ಇದ್ದರೆ, ದಪ್ಪ ಭಾಗ ಬಂದಾಗಲೆಲ್ಲ ಅದು ಪ್ಯಾಡನ್ನು ಹಿಂದಕ್ಕೆ ತಳ್ಳುತ್ತದೆ. ಪ್ಯಾಡ್ ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ ಬ್ರೇಕ್ ಆಯಿಲನ್ನು ತಳ್ಳುತ್ತದೆ, ಆಯಿಲ್ ಮಾಸ್ಟರ್ ಸಿಲಿಂಡರ್ ಮೂಲಕ ಪೆಡಲನ್ನು ತಳ್ಳುತ್ತದೆ. ಚಕ್ರ ಒಂದು ಸುತ್ತು ಬಂದಾಗ ಒಂದು ಕುಟ್ಟು. ಇದಕ್ಕೆ ದೊಡ್ಡ ವ್ಯತ್ಯಾಸವೇನೂ ಬೇಡ. 0.02 ಮಿ.ಮೀ. ಹೆಚ್ಚುಕಮ್ಮಿ ಆದರೆ ಸಾಕು, ಕಾಲಿಗೆ ಗೊತ್ತಾಗುತ್ತದೆ. ನ್ಯೂಸ್‌ಪೇಪರ್ ಹಾಳೆಯ ದಪ್ಪದ ಮೂರನೇ ಒಂದು ಭಾಗವೂ ಅಲ್ಲ ಅದು.

ಇಲ್ಲಿ ಗಮನಿಸಿ, ಡಿಸ್ಕ್ ಬೆಂಡ್ ಆಗುವುದು ಬೇರೆ, ದಪ್ಪ ಏರುಪೇರಾಗುವುದು ಬೇರೆ. ನಿಮ್ಮ ಕಾರಿನಂಥ ಸಣ್ಣ ಕಾರುಗಳ ಕ್ಯಾಲಿಪರ್ (ಪ್ಯಾಡು, ಪಿಸ್ಟನ್ ಇರುವ ಭಾಗ) ಎರಡು ಪಿನ್‌ಗಳ ಮೇಲೆ ಆಚೀಚೆ ಜಾರುವಂಥದ್ದು. ಡಿಸ್ಕ್ ಸ್ವಲ್ಪ ಓಲಾಡಿದರೆ ಕ್ಯಾಲಿಪರ್ ಕೂಡ ಅದರ ಜೊತೆ ಓಲಾಡುತ್ತದೆ, ಪೆಡಲಿಗೆ ಸುದ್ದಿಯೇ ಮುಟ್ಟುವುದಿಲ್ಲ. ಹಾಗಾಗಿಯೇ ಹೊಸ ಡಿಸ್ಕ್ ಓರೆಯಾಗಿ ಕೂತಿದ್ದರೂ ಮೊದಮೊದಲು ಬ್ರೇಕ್ ಬೆಣ್ಣೆಯ ಹಾಗೆ ಹಿಡಿಯುತ್ತದೆ. ತೊಂದರೆ ಶುರುವಾಗುವುದು ನೀವು ಬ್ರೇಕ್ ಒತ್ತದೇ ಇರುವಾಗ. ಹೆದ್ದಾರಿಯಲ್ಲಿ ಸುಮ್ನೆ ಹೋಗುತ್ತಿರುವಾಗ ಓಲಾಡುವ ಡಿಸ್ಕಿನ ಒಂದು ಜಾಗ ಪ್ರತಿ ಸುತ್ತಿಗೂ ಪ್ಯಾಡಿಗೆ ತಾಗುತ್ತದೆ. ಅಷ್ಟೇ ಅಷ್ಟು, ಒರೆಸಿದ ಹಾಗೆ. ಒಂದು ಕಿಲೋಮೀಟರಿಗೆ ಚಕ್ರ ಐನೂರಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ. ಆರು ಸಾವಿರ ಕಿಲೋಮೀಟರಿಗೆ ಮೂವತ್ತು ಲಕ್ಷ ಸಲ ಒರೆಸಿದ ಹಾಗಾಯಿತು. ಆ ಜಾಗ ಸವೆಯುತ್ತದೆ, ಡಿಸ್ಕ್ ಅಲ್ಲಿ ತೆಳುವಾಗುತ್ತದೆ. ಆಗ ಪೆಡಲ್ ಕುಟ್ಟಲು ಶುರು.

ಹಾಗಾದರೆ ಹೊಸ ಡಿಸ್ಕ್ ಓರೆಯಾಗಿ ಕೂತಿದ್ದು ಯಾಕೆ? ಮಲ್ಪೆ ಅಂದಿರಿ. ನನ್ನ ಮೊದಲ ಅನುಮಾನ ತುಕ್ಕಿನ ಮೇಲೆ.

ಡಿಸ್ಕ್ ಕೂರುವುದು ಹಬ್ಬಿನ, ಅಂದರೆ ಚಕ್ರವನ್ನು ಬೋಲ್ಟು ಹಾಕಿ ಕೂರಿಸುವ ನಡುಭಾಗದ, ಮುಖದ ಮೇಲೆ. ಕಡಲ ಬದಿಯ ಉಪ್ಪುಗಾಳಿ, ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಡದ ಮಳೆ. ಐದಾರು ವರ್ಷದ ಕಾರಿನ ಹಬ್ ಬಿಚ್ಚಿ ನೋಡಿದರೆ ಬೋಲ್ಟುಗಳ ಸುತ್ತ, ನಡುವಿನ ಬಳೆಯ ಬುಡದಲ್ಲಿ ತುಕ್ಕು ಪದರ ಪದರವಾಗಿ ಎದ್ದಿರುತ್ತದೆ. ಮೆಕ್ಯಾನಿಕ್ ಹಳೇ ಡಿಸ್ಕಿಗೆ ಸುತ್ತಿಗೆಯಲ್ಲಿ ಎರಡು ಪೆಟ್ಟು ಕೊಟ್ಟು ತೆಗೆಯುತ್ತಾನೆ, ಹಬ್ಬನ್ನು ಬಟ್ಟೆಯಲ್ಲಿ ಒಂದು ಸಲ ಒರೆಸುತ್ತಾನೆ, ಹೊಸದನ್ನು ಏರಿಸುತ್ತಾನೆ. ಹಬ್ಬಿನ ಮುಖದ ಅಗಲ ಸುಮಾರು 14 ಸೆಂ.ಮೀ., ಡಿಸ್ಕಿನದ್ದು 24 ಸೆಂ.ಮೀ. ಆಸುಪಾಸು. ಹಬ್ಬಿನ ಅಂಚಿನಲ್ಲಿ 0.05 ಮಿ.ಮೀ. ದಪ್ಪದ ಒಂದು ತುಕ್ಕಿನ ಚಕ್ಕೆ ಸಿಕ್ಕಿಕೊಂಡರೆ ಡಿಸ್ಕಿನ ಅಂಚು 0.08 ಮಿ.ಮೀ. ಓಲಾಡುತ್ತದೆ. ಹೆಚ್ಚಿನ ಸಣ್ಣ ಕಾರುಗಳಿಗೆ ಕಂಪನಿಗಳು ಒಪ್ಪುವ ಮಿತಿ 0.05ರಿಂದ 0.10ರ ಒಳಗೆ. ಅಂದರೆ ಕಣ್ಣಿಗೇ ಬೀಳದ ಒಂದು ಚಕ್ಕೆ ನಿಮ್ಮ ಹೊಸ ಡಿಸ್ಕಿನ ಆಯುಷ್ಯ ನುಂಗಿತು.

ಎರಡನೇ ಅನುಮಾನ ನಟ್ಟುಗಳ ಮೇಲೆ. ಈ ನಡುವೆ ಪಂಕ್ಚರ್ ಹಾಕಿಸಿದ್ದೀರಾ? ಟಯರ್ ಅದಲುಬದಲು ಮಾಡಿಸಿದ್ದೀರಾ? ಟಯರ್ ಅಂಗಡಿಯಲ್ಲಿ ಏರ್ ಗನ್ ಹಿಡಿದು ನಾಲ್ಕೂ ನಟ್ಟನ್ನು ಬರ್‍ರ್ ಅಂತ ಬಿಗಿದು ಕಳಿಸುತ್ತಾರೆ. ಒಂದು ನಟ್ಟು ವಿಪರೀತ ಬಿಗಿ, ಇನ್ನೊಂದು ಕಡಿಮೆ. ನಿಮ್ಮ ಕಾರಿನಲ್ಲಿ ಡಿಸ್ಕನ್ನು ಹಬ್ಬಿಗೆ ಒತ್ತಿ ಹಿಡಿಯುವುದು ಇದೇ ನಟ್ಟುಗಳು, ಬೇರೇನಿಲ್ಲ. ಬಿಗಿ ಸಮ ಇಲ್ಲದಿದ್ದರೆ ಡಿಸ್ಕಿಗೆ ಓರೆ ಬರುತ್ತದೆ. ಸಣ್ಣ ಕಾರುಗಳಿಗೆ ಬೇಕಾದ ಬಿಗಿ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ಒಳಗೆ ಇರುತ್ತದೆ. ನಿಮ್ಮ ಕಾರಿನ ಸರಿಯಾದ ಅಂಕಿ ಮ್ಯಾನುವಲ್‌ನಲ್ಲಿ ಸಿಗುತ್ತದೆ. ಟಾರ್ಕ್ ವ್ರೆಂಚ್‌ನಲ್ಲಿ, ಎದುರುಬದುರು ನಟ್ಟುಗಳನ್ನು ಎರಡು ಸುತ್ತಿನಲ್ಲಿ ಬಿಗಿಯಬೇಕು. ಏರ್ ಗನ್ನನ್ನು ಬಿಚ್ಚಲು ಬಳಸಲಿ, ನನ್ನ ತಕರಾರಿಲ್ಲ. ಬಿಗಿಯಲು ಬೇಡ ಅಂತ ಎದುರು ನಿಂತು ಹೇಳಿ. ಸ್ವಲ್ಪ ಮುಖ ಸಿಂಡರಿಸುತ್ತಾರೆ, ಪರವಾಗಿಲ್ಲ.

ಇನ್ನು ಎಬಿಎಸ್ ವಿಷಯ. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯವಾಯಿತು, ಹಾಗಾಗಿ ನಿಮ್ಮದರಲ್ಲಿ ಇದ್ದೇ ಇದೆ. ಎಬಿಎಸ್ ಕೆಲಸ ಮಾಡುವಾಗಲೂ ಪೆಡಲ್ ನಡುಗುತ್ತದೆ ನಿಜ. ಆದರೆ ಆ ನಡುಕವೇ ಬೇರೆ. ಅದು ಗರಗರ ಅಂತ, ಬಾನೆಟ್ ಕಡೆಯಿಂದ ಸದ್ದಿನ ಜೊತೆಗೆ, ಬಹಳ ಬೇಗಬೇಗ ಬರುತ್ತದೆ. ಕಾರಿನ ವೇಗ ಇಳಿದರೂ ಅದರ ಲಯ ಹೆಚ್ಚು ಬದಲಾಗುವುದಿಲ್ಲ. ಡಿಸ್ಕಿನ ಕುಟ್ಟು ಹಾಗಲ್ಲ, ಅದು ಚಕ್ರದ ಜೊತೆಗೇ ಇರುತ್ತದೆ. ಸಣ್ಣ ಕಾರಿನ ಟಯರ್ ಒಂದು ಸುತ್ತಿಗೆ ಎರಡು ಮೀಟರಿಗೆ ತುಸು ಕಡಿಮೆ ಓಡುತ್ತದೆ. 60ರ ವೇಗದಲ್ಲಿ ಸೆಕೆಂಡಿಗೆ ಎಂಟೊಂಬತ್ತು ಕುಟ್ಟು, 20ಕ್ಕೆ ಇಳಿದಾಗ ಮೂರೇ ಮೂರು. ಹಾಗಾಗಿ 60ರಿಂದ ಮೆಲ್ಲಗೆ ಬ್ರೇಕ್ ಹಿಡಿಯುತ್ತಾ ಬನ್ನಿ. ವೇಗ ಇಳಿದ ಹಾಗೆ ಕುಟ್ಟೂ ನಿಧಾನವಾಗುತ್ತಾ ಬಂದು, ಕೊನೆಗೆ ಒಂದೊಂದನ್ನೂ ಎಣಿಸುವ ಹಾಗಾದರೆ ಅದು ಡಿಸ್ಕೋ ಡ್ರಮ್ಮೋ ಹೌದು, ಎಬಿಎಸ್ ಅಲ್ಲ. ಈ ಪರೀಕ್ಷೆಗೆ ಬೆಳಗ್ಗೆ ಬೇಗ ಹೊರಡಿ, ಸಂತೆಕಟ್ಟೆ ದಾಟಿ ಬ್ರಹ್ಮಾವರದ ಕಡೆಗೆ. ಹಿಂದೆ ಎಕ್ಸ್‌ಪ್ರೆಸ್ ಬಸ್ಸು ಅಂಟಿಕೊಂಡಿರುವಾಗ ಮಾತ್ರ ಇಂಥ ಪ್ರಯೋಗ ಬೇಡ ಮಾರಾಯ್ರೆ.

ಎಬಿಎಸ್ ತಪ್ಪಾಗಿ ಎಚ್ಚರಗೊಳ್ಳುವುದೂ ಉಂಟು, ಅದರಲ್ಲೂ ನಮ್ಮ ಕರಾವಳಿಯಲ್ಲಿ. ಚಕ್ರದ ಬಳಿಯ ಸೆನ್ಸರಿನ ಕೆಳಗೆ ತುಕ್ಕು ಎದ್ದರೆ ಸೆನ್ಸರ್ ಸ್ವಲ್ಪ ದೂರ ಸರಿಯುತ್ತದೆ, ಸಿಗ್ನಲ್ ದುರ್ಬಲವಾಗುತ್ತದೆ. ವೇಗ ತೀರಾ ಕಡಿಮೆಯಾದಾಗ ಚಕ್ರ ನಿಂತೇಹೋಯಿತು ಅಂತ ಯುನಿಟ್ಟಿಗೆ ಭ್ರಮೆಯಾಗುತ್ತದೆ. ಇದು ಕಾಣಿಸುವುದು ಕಾರು ನಿಲ್ಲುವ ಮೊದಲು, ಹತ್ತು ಹದಿನೈದರ ವೇಗದಲ್ಲಿ ಮಾತ್ರ. ನಿಮ್ಮದು 60-70ರಲ್ಲಿ, ಅದೂ ಮೆಲ್ಲಗೆ ಒತ್ತಿದಾಗ, ಸ್ಟಿಯರಿಂಗ್ ನಡುಕದ ಜೊತೆಗೆ ಬರುತ್ತಿದೆ. ಎಬಿಎಸ್ ಯುನಿಟ್ಟಿಗೆ ಕೈ ಹಾಕಲು ಇಲ್ಲಿ ಕಾರಣವೇ ಇಲ್ಲ. ಅದು ದುಬಾರಿ ವಸ್ತು.

ಸ್ಟಿಯರಿಂಗ್ ನಡುಗುವುದು ಮುಂದಿನ ಚಕ್ರದ ಗುರುತು. ಆದರೂ ಹಿಂದಿನ ಡ್ರಮ್ ಒಂದನ್ನು ಪರೀಕ್ಷಿಸಿ ಬಿಟ್ಟುಬಿಡೋಣ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಒಣಗಿದ, ಖಾಲಿ, ನೇರ ರಸ್ತೆಯಲ್ಲಿ 30ರ ವೇಗದಲ್ಲಿ ಹ್ಯಾಂಡ್‌ಬ್ರೇಕ್ ಬಟನ್ ಒತ್ತಿ ಹಿಡಿದುಕೊಂಡೇ ಮೆಲ್ಲಗೆ ಎಳೆಯಿರಿ. ಬಟನ್ ಬಿಡಬಾರದು, ಜೋರಾಗಿ ಎಳೆಯಬಾರದು, ಮಳೆಯಲ್ಲಿ ಮಾಡಲೇಬಾರದು. ಆಗ ಸೀಟಿನಡಿ ಕುಟ್ಟಿದ ಹಾಗಾದರೆ ಡ್ರಮ್ ಮೊಟ್ಟೆಯಾಕಾರಕ್ಕೆ ತಿರುಗಿದೆ. ಘಾಟಿ ಇಳಿದು ಬಿಸಿಯಾಗಿರುವಾಗಲೇ ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದು ನಿಲ್ಲಿಸುವವರ ಕಾರಿನಲ್ಲಿ ಇದು ಆಗುತ್ತದೆ. ಸುಮ್ಮನೆ ನಯವಾಗಿ ನಿಂತರೆ ಡ್ರಮ್ ಮರೆತುಬಿಡಿ.

ಈಗ ಗ್ಯಾರೇಜಿಗೆ. ಗ್ಯಾರೇಜಿನವರ ಹತ್ತಿರ ಎರಡು ವಸ್ತು ಉಂಟಾ ಅಂತ ಮೊದಲೇ ಫೋನ್ ಮಾಡಿ ಕೇಳಿ: ಓಲಾಟ ಅಳೆಯುವ ಡಯಲ್ ಗೇಜ್ ಮತ್ತು ದಪ್ಪ ಅಳೆಯುವ ಮೈಕ್ರೋಮೀಟರ್. ಕಣ್ಣಲ್ಲೇ ನೋಡಿ ಡಿಸ್ಕ್ ಬೆಂಡ್ ಅನ್ನುವವರು ಊಹೆ ಹೇಳುತ್ತಿದ್ದಾರೆ, ಅಷ್ಟೇ. ದಪ್ಪಕ್ಕೆ ವರ್ನಿಯರ್ ಕ್ಯಾಲಿಪರ್ ಅನ್ನುವ ಅಳತೆ ಸಾಧನ ಸಾಲದು. ಡಿಸ್ಕಿನ ಹೊರ ಅಂಚಿನಲ್ಲಿ ಸವೆಯದೆ ಉಳಿದ ದಿಂಡು ಇರುತ್ತದಲ್ಲ, ವರ್ನಿಯರ್ ಅದರ ಮೇಲೇ ಕೂತು ತಪ್ಪು ಅಳತೆ ಕೊಡುತ್ತದೆ.

ಚಕ್ರ ಬಿಚ್ಚುವ ಮೊದಲು ಕಾರನ್ನು ಜಾಕಿಯಲ್ಲಿ ಎತ್ತಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಲಿ. ಲಟಕ್ ಅಂದರೆ ಬೇರಿಂಗ್ ಸಡಿಲ. ಆಗ ಮುಂದಿನ ಅಳತೆಗೆಲ್ಲ ಅರ್ಥವಿಲ್ಲ, ಮೊದಲು ಬೇರಿಂಗ್. ಅಲುಗಾಡದಿದ್ದರೆ ಚಕ್ರ ಬಿಚ್ಚಿ, ನಾಲ್ಕು ನಟ್ಟುಗಳನ್ನು ವಾಷರ್ ಹಾಕಿ ಡಿಸ್ಕಿನ ಮೇಲೇ ಸಮನಾಗಿ ಬಿಗಿಯಬೇಕು. ತುಂಬಾ ಜನ ಇದನ್ನೇ ಬಿಡುತ್ತಾರೆ. ಚಕ್ರ ಇಲ್ಲದಾಗ ಡಿಸ್ಕ್ ಹಬ್ಬಿನ ಮೇಲೆ ಸಡಿಲವಾಗಿ ನೇತಾಡುತ್ತಿರುತ್ತದೆ, ಹಾಗೆಯೇ ಗೇಜ್ ಇಟ್ಟರೆ ಏನೇನೋ ಅಂಕಿ ಬರುತ್ತದೆ. ಗೇಜಿನ ಮೊನೆಯನ್ನು ಹೊರ ಅಂಚಿನಿಂದ 10 ಮಿ.ಮೀ. ಒಳಗೆ ಇಟ್ಟು ಡಿಸ್ಕನ್ನು ಒಂದು ಸುತ್ತು ನಿಧಾನಕ್ಕೆ ತಿರುಗಿಸಲಿ. ಮುಳ್ಳು ಎಷ್ಟು ಓಡಾಡಿತು ನೋಡಿ ಬರೆದುಕೊಳ್ಳಿ. ಆಮೇಲೆ ಅದೇ ಸಾಲಿನಲ್ಲಿ ಸುತ್ತಲೂ ಎಂಟು ಕಡೆ ಮೈಕ್ರೋಮೀಟರ್ ಹಿಡಿದು ದಪ್ಪ ಅಳೆಯಲಿ. ಅತಿ ದಪ್ಪಕ್ಕೂ ಅತಿ ತೆಳುವಿಗೂ ನಡುವಿನ ವ್ಯತ್ಯಾಸ 0.02 ಮುಟ್ಟಿದ್ದರೆ ನಿಮ್ಮ ಕಾಲು ಹೇಳಿದ್ದು ಸರಿ.

ಆಮೇಲೆ ಡಿಸ್ಕ್ ತೆಗೆದು ಹಬ್ ನೋಡಿ. ನೀವೇ ಬಗ್ಗಿ ನೋಡಿ, ಬೆರಳಾಡಿಸಿ. ತುಕ್ಕಿದ್ದರೆ ವೈರ್ ಬ್ರಷ್, ಎಮರಿ ಪೇಪರ್ ಹಿಡಿದು ಹೊಳೆಯುವ ಕಬ್ಬಿಣ ಕಾಣುವ ತನಕ ಉಜ್ಜಬೇಕು. ಬೋಲ್ಟುಗಳ ಬುಡದ ಸುತ್ತಲಿನ ತುಕ್ಕು ಬಿಡಿಸುವುದೇ ಕಷ್ಟ, ಅಲ್ಲೇ ಸೋಮಾರಿತನ ಮಾಡುವುದು. ಡಿಸ್ಕಿನ ಒಳಮುಖವನ್ನೂ, ಹಬ್ಬಿಗೆ ತಾಗುವ ಆ ಜಾಗವನ್ನೂ ಹಾಗೇ ಉಜ್ಜಿ, ಬ್ರೇಕ್ ಕ್ಲೀನರ್‌ನಲ್ಲಿ ಒರೆಸಬೇಕು. ನಂತರ ಹಬ್ಬಿನ ಮುಖಕ್ಕೇ ಗೇಜ್ ಇಡಿಸಿ. ಹಬ್ಬೇ ಎದ್ದು ಕಾಣುವಷ್ಟು ಓಲಾಡಿದರೆ ಯಾವ ಡಿಸ್ಕ್ ಹಾಕಿದರೂ ಉಪಯೋಗವಿಲ್ಲ, ಹಬ್ಬನ್ನೇ ಬದಲಿಸಬೇಕು. ಆಳವಾದ ಗುಂಡಿಯಲ್ಲಿ ಚಕ್ರ ಜೋರಾಗಿ ಬಿದ್ದ ಕಾರುಗಳಲ್ಲಿ ಇದನ್ನು ನೋಡಬಹುದು.

ಡಿಸ್ಕ್ ಎಷ್ಟು ದಪ್ಪ ಉಳಿದಿದೆ ಅನ್ನುವುದರ ಮೇಲೆ ಮುಂದಿನ ದಾರಿ. ಡಿಸ್ಕಿನ ಅಂಚಿನಲ್ಲೋ ನಡುವಿನ ಟೋಪಿಯ ಭಾಗದಲ್ಲೋ ಕನಿಷ್ಠ ದಪ್ಪ ಇಷ್ಟು ಅಂತ ಅಚ್ಚು ಹಾಕಿರುತ್ತಾರೆ. ಸಣ್ಣ ಕಾರುಗಳಲ್ಲಿ ಹೊಸದಕ್ಕೂ ಕನಿಷ್ಠಕ್ಕೂ ಸಾಮಾನ್ಯವಾಗಿ 2 ಮಿ.ಮೀ. ಆಸುಪಾಸು ವ್ಯತ್ಯಾಸ. ನಿಮ್ಮದು ಆರು ಸಾವಿರ ಕಿ.ಮೀ. ಓಡಿದ ಡಿಸ್ಕ್, ಬೇಕಾದಷ್ಟು ಉಳಿದಿರುತ್ತದೆ. ಲೇತ್‌ಗೆ (ಲೋಹ ಕಡೆಯುವ ಯಂತ್ರಕ್ಕೆ) ಕೊಟ್ಟು ಎರಡೂ ಮುಖ ಸವರಿಸಿದರೆ ಸಾಕು, ಹೊಸದು ಬೇಡ. ಮಂಗಳೂರಿನ ಬೈಕಂಪಾಡಿಯಂಥ ಕೈಗಾರಿಕಾ ಪ್ರದೇಶದಲ್ಲಿ ಲೇತ್‌ಗಳಿಗೆ ಬರವಿಲ್ಲ. ಆದರೆ ಬರೀ ಲೇತ್ ಇದ್ದರೆ ಸಾಲದು, ಡಿಸ್ಕನ್ನು ಅದರ ನಡುತೂತು ಮತ್ತು ಒಳಮುಖದ ಆಧಾರದಲ್ಲಿ ನೇರವಾಗಿ ಕೂರಿಸಿ ಹಿಡಿಯುವವರು ಬೇಕು. ಹಿಡಿಯುವುದೇ ಓರೆಯಾದರೆ ಲೇತ್ ಹೊಸ ಓರೆಯನ್ನು ಕಡೆದು ಕೊಡುತ್ತದೆ. ಡಿಸ್ಕ್ ಮೇಲೆ ನೀಲಿ-ಕಪ್ಪು ಕಲೆಗಳಿದ್ದರೆ ಮಾತ್ರ ಲೇತ್‌ಗೆ ದುಡ್ಡು ಹಾಕಬೇಡಿ. ಅಲ್ಲಿ ಬೀಡುಕಬ್ಬಿಣ ವಿಪರೀತ ಬಿಸಿಯಾಗಿ ಗಟ್ಟಿಯಾಗಿರುತ್ತದೆ. ಮೇಲಿಂದ ಸವರಿದರೂ ಒಳಗಿನ ಗಟ್ಟಿ ಜಾಗ ಉಳಿದು ಕುಟ್ಟು ವಾಪಸ್ ಬರುತ್ತದೆ. ಅಂಥದ್ದನ್ನು ಎರಡೂ ಬದಿ ಜೊತೆಯಾಗಿ ಬದಲಿಸಿ.

ಜೋಡಿಸುವಾಗ ಮತ್ತೆ ಗೇಜ್ ಇಡಲೇಬೇಕು. ಇನ್ನೂ ಜಾಸ್ತಿ ಓಲಾಟ ಕಂಡರೆ ಡಿಸ್ಕನ್ನು ಒಂದು ಬೋಲ್ಟಿನಷ್ಟು ತಿರುಗಿಸಿ ಕೂರಿಸಿ ಅಳೆಯಲಿ. ಹಬ್ಬಿನ ಸಣ್ಣ ಓರೆ, ಡಿಸ್ಕಿನ ಸಣ್ಣ ಓರೆ ಒಂದನ್ನೊಂದು ಕಳೆಯುವ ಜಾಗ ನಾಲ್ಕರಲ್ಲಿ ಒಂದು ಸಿಗುತ್ತದೆ. 0.05ರ ಒಳಗೆ ಬಂದರೆ ನಿಶ್ಚಿಂತೆ. ಕ್ಯಾಲಿಪರ್ ಪಿನ್‌ಗಳು ಸಲೀಸಾಗಿ ಜಾರುತ್ತವೆಯೇ ಅನ್ನುವುದನ್ನೂ ಇದೇ ಹೊತ್ತಿಗೆ ನೋಡಿಸಿ. ನಮ್ಮ ಕಡೆ ಮಳೆಗಾಲ ಮುಗಿದ ಮೇಲೆ ಪಿನ್ ಹಿಡಿದುಕೊಂಡಿರುವುದು ಮಾಮೂಲು. ಹಿಡಿದರೆ ಪ್ಯಾಡ್ ಬಿಡುವುದಿಲ್ಲ, ಡಿಸ್ಕ್ ಸದಾ ಬಿಸಿ. ಪಿನ್ನಿಗೆ ಸಿಲಿಕೋನ್ ಗ್ರೀಸ್ ಮಾತ್ರ ಹಾಕಬೇಕು. ಬೇರಿಂಗಿಗೆ ಹಾಕುವ ಗ್ರೀಸ್ ಬಳಿದರೆ ರಬ್ಬರ್ ಉಬ್ಬಿ ಇನ್ನಷ್ಟು ಹಿಡಿದುಕೊಳ್ಳುತ್ತದೆ.

ಪ್ಯಾಡ್ ಹಳೆಯದೇ ಇದ್ದರೆ ಅದರ ಮುಖವನ್ನು ಎಮರಿಯಲ್ಲಿ ಉಜ್ಜಿ ಹೊಳಪು ತೆಗೆಯಿರಿ. ನಂತರ 50ರಿಂದ 10ರ ವೇಗಕ್ಕೆ ಮಧ್ಯಮ ಒತ್ತಡದಲ್ಲಿ ಹತ್ತು ಸಲ ಇಳಿಸಿ, ನಡುವೆ ಸ್ವಲ್ಪ ದೂರ ಹಾಗೇ ಓಡಿಸಿ, ಪೂರ್ತಿ ನಿಲ್ಲಿಸಬೇಡಿ. ಪ್ಯಾಡಿನ ವಸ್ತು ಡಿಸ್ಕಿನ ಮೇಲೆ ಸುತ್ತಲೂ ತೆಳ್ಳಗೆ ಸಮನಾಗಿ ಹತ್ತಬೇಕು, ಅದಕ್ಕೆ. ನೂರು ಕಿ.ಮೀ. ಓಡಿದ ಮೇಲೆ ನಟ್ಟುಗಳ ಬಿಗಿ ಇನ್ನೊಮ್ಮೆ ನೋಡಿಸಿ.

ನೀವು ಬರೆದಿಲ್ಲ, ಆದರೂ ಕೇಳುತ್ತೇನೆ: ಕಾರು ವಾರಗಟ್ಟಲೆ ನಿಂತಿತ್ತಾ? ಮನೆಯವರು ಗಲ್ಫಿನಲ್ಲೋ ಮುಂಬೈಯಲ್ಲೋ ಇದ್ದು ಕಾರು ಶೆಡ್ಡಿನಲ್ಲೇ ಇರುವುದು ಈ ಕಡೆ ಹೊಸತಲ್ಲ. ಮಳೆಯಲ್ಲಿ ರಾತ್ರಿ ಕಳೆದ ಡಿಸ್ಕ್ ಮೇಲೆ ಬೆಳಗ್ಗೆ ಕಾಣುವ ಕಿತ್ತಳೆ ಬಣ್ಣದ ತುಕ್ಕು ಏನೂ ಅಲ್ಲ, ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಮೂರು ನಾಲ್ಕು ವಾರ ನಿಂತರೆ ಪ್ಯಾಡ್ ಕೂತ ಜಾಗದ ಅಚ್ಚು ಡಿಸ್ಕ್ ಮೇಲೆ ಉಳಿಯುತ್ತದೆ. ಅದೂ ಸುತ್ತಿಗೊಂದು ಕುಟ್ಟು ಕೊಡುತ್ತದೆ. ತೆಳುವಾಗಿದ್ದರೆ ಓಡಿಸುತ್ತಾ ಹೋಗುತ್ತದೆ, ಗುಳಿ ಬಿದ್ದಿದ್ದರೆ ಲೇತ್ ಬೇಕು. ವಾರಕ್ಕೊಮ್ಮೆ ಯಾರಾದರೂ ಕಾರನ್ನು ಒಂದು ಸುತ್ತು ಓಡಿಸಿ ತಂದರೆ ಈ ಗೋಳಿಲ್ಲ. ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಬದಲು ಗೇರಿನಲ್ಲಿಟ್ಟು ಚಕ್ರಕ್ಕೊಂದು ಕಲ್ಲು ಕೊಡಿ, ಹಿಂದಿನ ಡ್ರಮ್ ಹಿಡಿದುಕೊಳ್ಳುವುದೂ ತಪ್ಪುತ್ತದೆ.

ಇನ್ನು ತೀರ್ಥಹಳ್ಳಿ ಪ್ರಯಾಣ. ಪೆಡಲ್ ಕುಟ್ಟುತ್ತದೆ ಅಂದ ಮಾತ್ರಕ್ಕೆ ಬ್ರೇಕ್ ಫೇಲ್ ಆಗುತ್ತದೆ ಅಂತಲ್ಲ. ಆದರೆ ಕಾರು ಒಂದು ಕಡೆಗೆ ಎಳೆಯುತ್ತಿದ್ದರೆ, ಬ್ರೇಕ್ ಆಯಿಲ್ ಕಡಿಮೆಯಾಗುತ್ತಿದ್ದರೆ, ಪೆಡಲ್ ಮೆತ್ತಗೆ ಕೆಳಗಿಳಿಯುತ್ತಿದ್ದರೆ, ಓಡಿಸಿದ ಮೇಲೆ ಒಂದು ಚಕ್ರ ಮಾತ್ರ ಸುಡುವಷ್ಟು ಬಿಸಿ ಇದ್ದರೆ, ಅಥವಾ ಬೇರಿಂಗ್ ಅಲುಗಾಡುತ್ತಿದ್ದರೆ ಆ ಕಾರಿನಲ್ಲಿ ಘಾಟಿ ಬೇಡ. ಬಸ್ಸಿನಲ್ಲಿ ಹೋಗಿ ಬನ್ನಿ. ಇವು ಯಾವುವೂ ಇಲ್ಲ, ಬರೀ ಕುಟ್ಟು ಅಂತಾದರೂ ಹೊರಡುವ ಮೊದಲು ಅಳತೆ ಮಾಡಿಸಿ, ಹೆಚ್ಚೆಂದರೆ ಅರ್ಧ ದಿನದ ಕೆಲಸ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಇಳಿಯುವಾಗ ಎರಡನೇ ಗೇರಿನಲ್ಲಿರಿ, ಬ್ರೇಕನ್ನು ಸವರುತ್ತಾ ಇಳಿಯಬೇಡಿ. ತಿರುವಿಗೆ ಮುಂಚೆ ಒತ್ತಿ, ವೇಗ ಇಳಿಸಿ, ಬಿಟ್ಟುಬಿಡಿ. ಕೆಳಗೆ ಸೋಮೇಶ್ವರಕ್ಕೆ ಬಂದ ಕೂಡಲೇ ಚಹಾಕ್ಕೆ ಅಂತ ಬ್ರೇಕ್ ತುಳಿದುಕೊಂಡು ನಿಲ್ಲಬೇಡಿ, ಬಿಸಿ ಡಿಸ್ಕ್ ಮೇಲೆ ಪ್ಯಾಡ್ ಅಚ್ಚೊತ್ತುವುದು ಹಾಗೆಯೇ. ಹೆಬ್ರಿ ಕಡೆಗೆ ಐದಾರು ಕಿ.ಮೀ. ಬ್ರೇಕ್ ಹೆಚ್ಚು ಮುಟ್ಟದೆ ಓಡಿಸಿ, ಗಾಳಿಗೆ ಆರಲಿ. ಚಹಾ ಹೆಬ್ರಿಯಲ್ಲೂ ಸಿಗುತ್ತದೆ.